ಚೀಟಿಯ ಹಿಂದಿನ ಲಕೋಟೆ

ವೈದ್ಯರು ಬರೆದುಕೊಡುವ ಚೀಟಿಯನ್ನು ನಾವು ಎಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ! ಕರೆಂಟ್ ಬಿಲ್ಲು ಕಳೆದುಹೋದೀತು, ಮಕ್ಕಳ ಅಂಕಪಟ್ಟಿಗಾಗಿ ಮನೆಯೆಲ್ಲ ಹುಡುಕಬೇಕಾದೀತು. ಅತ್ತೆಯವರ ಸಕ್ಕರೆ ಕಾಯಿಲೆಯ ಚೀಟಿ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಅದನ್ನು ಕಾಪಾಡುವವರು ನೀವು. ಅದನ್ನು ಹಿಡಿದು ಮೆಡಿಕಲ್ ಸ್ಟೋರಿಗೂ ಲ್ಯಾಬಿಗೂ ಓಡಾಡುವವರು ನೀವು. ಅದಕ್ಕೆ ಬೇಕಾದ ಹಣವನ್ನು ಅಕ್ಕಿ ಡಬ್ಬದ ಅಡಿಯಿಂದ ತೆಗೆದುಕೊಡುವವರೂ ಹೆಚ್ಚಾಗಿ ನೀವೇ. ಆದುದರಿಂದ ಈ ಚೀಟಿಗೂ ಹಣಕ್ಕೂ ಇರುವ ನಂಟಿನ ಕುರಿತು ನಿಮ್ಮೊಡನೆಯೇ ಮಾತಾಡಬೇಕೆನಿಸಿತು.

ನಾನಿರುವುದು ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ. ಪಕ್ಕದಲ್ಲೇ ಇಲ್ಯಾಸ್ ನಗರ. ಸಂಜೆಯ ಹೊತ್ತು ಇಲ್ಲಿನ ಯಾವುದೇ ಮುಖ್ಯ ರಸ್ತೆಯಲ್ಲಿ ನಡೆದರೂ ಒಂದೇ ನೋಟ. ಕೆಳಗೆ ಕ್ಲಿನಿಕ್, ಅದಕ್ಕೆ ತಾಗಿ ಮೆಡಿಕಲ್ ಸ್ಟೋರ್, ಮೇಲಿನ ಮಹಡಿಯಲ್ಲಿ ಲ್ಯಾಬ್. ಬೆಂಚಿನ ಮೇಲೆ ಜ್ವರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು. ಅವರ ನಡುವೆ ಭಾರವಾದ ಕಪ್ಪು ಬ್ಯಾಗ್ ಹಿಡಿದು, ಬೆವರು ಒರೆಸಿಕೊಳ್ಳುತ್ತಾ ನಿಂತ ಒಬ್ಬ ಯುವಕ. ಎರಡು ರೋಗಿಗಳ ನಡುವೆ ಎರಡು ನಿಮಿಷ ಒಳಗೆ ಹೋಗಿ ಬರುವ ಇವನು ಔಷಧ ಕಂಪೆನಿಯ ಪ್ರತಿನಿಧಿ, ನಾವೆಲ್ಲ 'ಮೆಡಿಕಲ್ ರೆಪ್' ಎನ್ನುವವನು. ಅವನನ್ನು ದ್ವೇಷಿಸಬೇಡಿ. ತಿಂಗಳಿಗೆ ಇಷ್ಟು ಮಾರಾಟವಾಗಲೇಬೇಕೆಂಬ ಗುರಿಯನ್ನು ಹೆಗಲ ಮೇಲೆ ಹೊತ್ತು ತಿರುಗುವ ಬಡ ನೌಕರ ಅವನು. ಅವನ ಬ್ಯಾಗಿನಲ್ಲಿ ಏನಿದೆ ಎಂಬುದಕ್ಕಿಂತಲೂ ಅವನ ಕಂಪೆನಿಯ ಲೆಕ್ಕಪುಸ್ತಕದಲ್ಲಿ ಏನಿದೆ ಎಂಬುದೇ ನಮಗೆ ಮುಖ್ಯ.

ನನ್ನ ಬಳಿ ಓದುವ ಮಗುವೊಂದರ ತಾಯಿ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ದಿನವಿಡೀ ಬಗ್ಗಿ ಕುಳಿತು ಸೊಂಟ ಹಿಡಿದುಹೋಯಿತು. ತೋರಿಸಿಕೊಂಡಾಗ ಎಂಆರ್‌ಐ ಮಾಡಿಸಬೇಕೆಂದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚೀಟಿಯ ಮೇಲೆ ಒಂದು ಸ್ಕ್ಯಾನಿಂಗ್ ಕೇಂದ್ರದ ಹೆಸರಿನ ಮೊಹರು ಇತ್ತು. ಬೇರೆ ಕಡೆ ಕಡಿಮೆಗೆ ಆಗುತ್ತದಂತೆ, ಅಲ್ಲಿ ಮಾಡಿಸಲೇ ಎಂದು ಕೇಳಿದಾಗ, ಅಲ್ಲಿನ ರಿಪೋರ್ಟ್ ತಾವು ನೋಡುವುದಿಲ್ಲ ಎಂಬ ಉತ್ತರ ಬಂತು. ಆಕೆ ಕಿವಿಯ ಓಲೆ ಅಡವಿಟ್ಟು ಅಲ್ಲೇ ಮಾಡಿಸಿದರು. ಸ್ಕ್ಯಾನ್ ಬೇಕಿತ್ತು ಎಂಬುದನ್ನು ಒಪ್ಪೋಣ. ಆ ಒಂದೇ ಕೇಂದ್ರ ಯಾಕೆ ಬೇಕಿತ್ತು?

ಈ ಪ್ರಶ್ನೆಗೆ ನಮ್ಮ ಊರಿನಲ್ಲೇ ಒಮ್ಮೆ ಉತ್ತರ ಸಿಕ್ಕಿದೆ. ಅದು ಎಂತಹ ಉತ್ತರವೆಂದರೆ, ಓದಿದವರು ಮರೆಯಬಾರದಿತ್ತು, ಆದರೆ ಎಲ್ಲರೂ ಮರೆತರು. 2017ರ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಎರಡು ಐವಿಎಫ್ ಕೇಂದ್ರಗಳಲ್ಲೂ ಐದು ಡಯಾಗ್ನೋಸ್ಟಿಕ್ ಕೇಂದ್ರಗಳಲ್ಲೂ ಶೋಧ ನಡೆಸಿತು. ಇಲಾಖೆ ಹೊರಡಿಸಿದ ಹೇಳಿಕೆಯ ಪ್ರಕಾರ, ರೋಗಿಯನ್ನು ಕಳುಹಿಸಿಕೊಟ್ಟ ವೈದ್ಯರಿಗೆ ಎಂಆರ್‌ಐಗೆ ನೂರಕ್ಕೆ 35, ಸಿ.ಟಿ. ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ನೂರಕ್ಕೆ 20ರಂತೆ ಕಮಿಷನ್ ಸಲ್ಲುತ್ತಿತ್ತು. ಅದನ್ನು ತಲುಪಿಸುವ ಬಗೆಗಳೂ ಹಲವು. ಹದಿನೈದು ದಿನಕ್ಕೊಮ್ಮೆ ಕೈಗೆ ನಗದು ಕೊಡುವುದು ಒಂದು. ಮುಂಗಡವಾಗಿಯೇ ಕೊಟ್ಟುಬಿಡುವುದು ಇನ್ನೊಂದು. ಲಕೋಟೆ ಹಂಚಲೆಂದೇ ಏಜೆಂಟರನ್ನು ಇಟ್ಟುಕೊಂಡವರೂ ಇದ್ದರು. ಕೆಲವರಿಗೆ ಚೆಕ್ ಮೂಲಕ ಸಲ್ಲುತ್ತಿತ್ತು. ಕಾಗದದಲ್ಲಿ ಅವರು ಆ ಲ್ಯಾಬಿನ 'ಸಲಹಾ ವೈದ್ಯರು'. ನಿಜದಲ್ಲಿ ಅವರು ಅಲ್ಲಿಗೆ ಕಾಲಿಟ್ಟವರೂ ಅಲ್ಲ, ರೋಗಿಯನ್ನು ನೋಡಿದವರೂ ಅಲ್ಲ, ರಿಪೋರ್ಟ್ ಬರೆದವರೂ ಅಲ್ಲ. ಒಂದು ಲ್ಯಾಬಿನ ಲೆಕ್ಕದಲ್ಲಿ ಹೀಗೆ ಕೊಟ್ಟ ಹಣವೇ 200 ಕೋಟಿ ರೂಪಾಯಿ ಮೀರಿತ್ತೆಂದು ಇಲಾಖೆ ಹೇಳಿತು.

ಈಗ ಊದುಬತ್ತಿಯ ಲೆಕ್ಕಕ್ಕೆ ಬನ್ನಿ. ಒಂದು ಎಂಆರ್‌ಐಗೆ 6,000 ರೂ. ಎಂದಿಟ್ಟುಕೊಳ್ಳಿ. ನೂರಕ್ಕೆ 35 ಎಂದರೆ 2,100 ರೂ. ಯಂತ್ರಕ್ಕಲ್ಲ, ಅದನ್ನು ನಡೆಸುವ ತಂತ್ರಜ್ಞನಿಗಲ್ಲ, ರಿಪೋರ್ಟ್ ಬರೆಯುವ ವೈದ್ಯರಿಗೂ ಅಲ್ಲ. ಒಂದು ಚೀಟಿ ಹರಿದುಕೊಟ್ಟದ್ದಕ್ಕೆ 2,100 ರೂ. ಅಷ್ಟನ್ನು ಬಿಟ್ಟುಕೊಟ್ಟ ಮೇಲೂ ಕೇಂದ್ರಕ್ಕೆ ಲಾಭ ಉಳಿಯುತ್ತದೆ ಎಂದಾದರೆ, ಆ ಪರೀಕ್ಷೆ 3,900 ರೂಪಾಯಿಗೇ ಆಗಬಹುದಿತ್ತು ಎಂದಲ್ಲವೇ? ಉಳಿದದ್ದು ಎಷ್ಟು ಸಾವಿರ ಕಡ್ಡಿ ಹೊಸೆದ ಕೂಲಿ ಎಂಬುದನ್ನು ಆಕೆಯೇ ಹೇಳಬಲ್ಲರು.

ಶೋಧ ನಡೆದ ಕೇಂದ್ರಗಳಲ್ಲಿ ಐವಿಎಫ್ ಕೇಂದ್ರಗಳೂ ಇದ್ದುದನ್ನು ಸಹೋದರಿಯರು ಗಮನಿಸಬೇಕು. ಮದುವೆಯಾಗಿ ನಾಲ್ಕೈದು ವರ್ಷ ಮಗುವಾಗದ ಹೆಣ್ಣು ನಮ್ಮ ಸಮಾಜದಲ್ಲಿ ಎಷ್ಟು ಮಾತು ಕೇಳಬೇಕಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಅಂಥವಳು ಬೆಲೆ ಕೇಳುವುದಿಲ್ಲ. ಎರಡನೇ ಅಭಿಪ್ರಾಯಕ್ಕೆ ಇನ್ನೊಬ್ಬರ ಬಳಿ ಹೋಗುವ ಧೈರ್ಯವೂ ಇರುವುದಿಲ್ಲ. ತವರಿನ ಒಡವೆ ಮಾರಿದ ಹಣ ಕೈಯಲ್ಲಿರುತ್ತದೆ. ಎಲ್ಲಿ ಪ್ರಶ್ನೆ ಇಲ್ಲವೋ ಅಲ್ಲಿ ಲಕೋಟೆ ದಪ್ಪವಾಗುತ್ತದೆ.

ಇದೆಲ್ಲ ಕಾನೂನಿನ ಕಣ್ಣಿಗೆ ಬಿದ್ದಿಲ್ಲವೇ ಎಂದು ನೀವು ಕೇಳಬಹುದು. ಬಿದ್ದು ಬಹಳ ಕಾಲವಾಯಿತು. ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡಬಾರದು, ಪಡೆಯಬಾರದು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಔಷಧ ಕಂಪೆನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಯಾವುದನ್ನೂ ವೈದ್ಯರು ಸ್ವೀಕರಿಸಬಾರದೆಂದು 2009ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಸೇರಿತು. ಪಡೆದದ್ದು 1 ಲಕ್ಷ ರೂ. ಮೀರಿದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ವೃತ್ತಿಯಿಂದ ಹೊರಗಿಡುವ ಶಿಕ್ಷೆಯನ್ನು 2016ರಲ್ಲಿ ಗೊತ್ತುಪಡಿಸಲಾಯಿತು. ಆದರೆ ಇವೆಲ್ಲ ಪಡೆಯುವ ಕೈಯನ್ನು ಹಿಡಿಯುವ ನಿಯಮಗಳು. ಕೊಡುವ ಕೈಯನ್ನು ಯಾರು ಹಿಡಿಯಬೇಕು?

ಕೊಡುವ ಕೈ ಎಷ್ಟು ನಿರ್ಭಯವಾಗಿತ್ತೆಂದರೆ, ಚೆನ್ನೈಯ ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಕಂಪೆನಿ ವೈದ್ಯರಿಗೆ ಕೊಟ್ಟದ್ದನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಕೇಳಿತು! ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್ ಎಲ್ಲವೂ ಅದರ ಪಟ್ಟಿಯಲ್ಲಿದ್ದವು. ಝಿಂಕೋವಿಟ್ ಎಂಬ ಶಕ್ತಿಗುಳಿಗೆಯ ಪ್ರಚಾರಕ್ಕಾಗಿ ಮಾಡಿದ ಖರ್ಚದು. 2022ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ನಿರಾಕರಿಸಿತು. ಪಡೆಯುವುದು ವೈದ್ಯರಿಗೆ ನಿಷಿದ್ಧವಾಗಿರುವಾಗ ಕೊಡುವುದು ಕಂಪೆನಿಗೆ ಸಕ್ರಮವಾಗಲಾರದು ಎಂಬುದು ನ್ಯಾಯಾಲಯದ ತರ್ಕ. ಈ 'ಉಚಿತ' ಕೊಡುಗೆಗಳ ಬೆಲೆ ಕೊನೆಗೆ ಔಷಧದ ದರಕ್ಕೆ ಸೇರಿ ರೋಗಿಯ ತಲೆಯ ಮೇಲೆಯೇ ಬೀಳುತ್ತದೆಂದೂ ನ್ಯಾಯಮೂರ್ತಿಗಳು ಹೇಳಿದರು.

ಅದೇ ವರ್ಷದ ಜುಲೈಯಲ್ಲಿ ಸುದ್ದಿ ಮತ್ತೆ ಬೆಂಗಳೂರಿಗೆ ಬಂತು. ಕೋವಿಡ್ ಕಾಲದಲ್ಲಿ ಮನೆಮನೆಯ ಹೆಸರಾದ ಡೋಲೋ-650 ಮಾತ್ರೆಯನ್ನು ತಯಾರಿಸುವ ಮೈಕ್ರೋ ಲ್ಯಾಬ್ಸ್ ಇಲ್ಲಿಯದೇ ಕಂಪೆನಿ. ಆದಾಯ ತೆರಿಗೆ ಇಲಾಖೆ ಅಲ್ಲಿ ಶೋಧ ನಡೆಸಿತು. ಅನಂತರದ ಹೇಳಿಕೆಯಲ್ಲಿ ಕಂಪೆನಿಯ ಹೆಸರೆತ್ತದೆ, ವೈದ್ಯರಿಗೆ ನೀಡಿದ ಉಚಿತ ಕೊಡುಗೆಗಳ ಮೊತ್ತ ಸುಮಾರು 1,000 ಕೋಟಿ ರೂ. ಎಂದು ಅಂದಾಜಿಸಿತು. ಕಂಪೆನಿ ಇದನ್ನು ಒಪ್ಪಲಿಲ್ಲ. ಆ ಮಾತ್ರೆಯ ವರ್ಷದ ಮಾರಾಟವೇ ಸುಮಾರು 350 ಕೋಟಿ ಇರುವಾಗ ಅದೊಂದಕ್ಕೇ 1,000 ಕೋಟಿ ಖರ್ಚು ಮಾಡಲು ಹೇಗೆ ಸಾಧ್ಯ ಎಂದು ಕೇಳಿತು. ನ್ಯಾಯವಾದ ಪ್ರಶ್ನೆಯೇ. ಒಂದು ಮಾತ್ರೆಗೆ, ಒಂದೇ ವರ್ಷದಲ್ಲಿ ಅಷ್ಟು ಹಣ ಎಂದು ಪತ್ರಿಕೆಗಳು ಬರೆದದ್ದು ಆತುರವೆಂದು ನನಗನಿಸುತ್ತದೆ. ಆದರೂ ಆ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಈ ವಿಷಯ ಬಂದಾಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು, ಕೋವಿಡ್ ಬಂದಾಗ ತನಗೂ ಇದೇ ಮಾತ್ರೆಯನ್ನು ಹೇಳಿದ್ದರು, ಇದು ಗಂಭೀರ ವಿಷಯ ಎಂದರು. ಆ ಮೊಕದ್ದಮೆ ಹೂಡಿದವರು ಯಾರು ಗೊತ್ತೇ? ಮೆಡಿಕಲ್ ರೆಪ್‌ಗಳ ಸಂಘಟನೆ. ಕಪ್ಪು ಬ್ಯಾಗ್ ಹೊತ್ತವರೇ ನ್ಯಾಯಾಲಯಕ್ಕೆ ಹೋಗಿ, ಕಂಪೆನಿಗಳನ್ನು ಕಟ್ಟುವ ಕಾನೂನು ತನ್ನಿ ಎಂದು ಬೇಡಿದರು.

ಅಂತಹ ಕಾನೂನಿನ ಬದಲು 2024ರ ಮಾರ್ಚ್ 12ರಂದು ಕೇಂದ್ರ ಸರಕಾರ ಒಂದು ಸಂಹಿತೆ ಹೊರಡಿಸಿತು. ವೈದ್ಯರಿಗಾಗಲೀ ಅವರ ಕುಟುಂಬಕ್ಕಾಗಲೀ ಉಡುಗೊರೆ ಕೊಡುವಂತಿಲ್ಲ, ಸಮ್ಮೇಳನದ ನೆಪದಲ್ಲಿ ವಿದೇಶಕ್ಕೆ ಕರೆದೊಯ್ಯುವಂತಿಲ್ಲ ಎಂದು ಅದು ಹೇಳುತ್ತದೆ. ದೂರು ವಿಚಾರಿಸುವವರು ಯಾರು? ಕಂಪೆನಿಗಳ ಸಂಘಗಳೇ ನೇಮಿಸುವ ಸಮಿತಿ. ಆ ವರ್ಷದ ಕೊನೆಯಲ್ಲಿ, 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ 1.91 ಕೋಟಿ ರೂ. ಖರ್ಚಿನಲ್ಲಿ ಕಳುಹಿಸಿದ ಆ್ಯಬ್‌ವೀ ಎಂಬ ಕಂಪೆನಿಗೆ ಔಷಧ ಇಲಾಖೆ ಛೀಮಾರಿ ಹಾಕಿತು. ತೆರಿಗೆ ವಿಚಾರವನ್ನು ಪರಿಶೀಲಿಸಲು, ವೈದ್ಯರ ಮೇಲೆ ಕ್ರಮ ಕೈಗೊಳ್ಳಲು ಸಂಬಂಧಿಸಿದವರಿಗೆ ಬರೆಯಿತು. ಅಡವಿಟ್ಟ ಓಲೆಗೆ ಬಡ್ಡಿ ತಪ್ಪಿದರೆ ಲೇವಾದೇವಿಯವನು ಇಷ್ಟು ಮೃದುವಾಗಿರುವುದಿಲ್ಲ.

ಒಂದು ಪೆನ್ನಿಗೋ ಒಂದು ಊಟಕ್ಕೋ ವೈದ್ಯರು ಮಾರಿಹೋಗುತ್ತಾರೆಯೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಕಂಪೆನಿಗಳು ಯಾವ ವೈದ್ಯರಿಗೆ ಎಷ್ಟು ಕೊಟ್ಟವೆಂಬುದನ್ನು ಸರಕಾರಕ್ಕೆ ತಿಳಿಸಲೇಬೇಕೆಂದು 2010ರಲ್ಲಿ ಕಾನೂನಾಯಿತು. 2014ರಿಂದ ಆ ಲೆಕ್ಕ ಎಲ್ಲರೂ ನೋಡುವಂತೆ ಪ್ರಕಟವಾಗುತ್ತಿದೆ. ಅದನ್ನು ಆಧರಿಸಿ 2016ರಲ್ಲಿ 2,79,669 ವೈದ್ಯರ ಕುರಿತು ಒಂದು ಅಧ್ಯಯನ ಬಂತು. ಕಂಪೆನಿಯ ಖರ್ಚಿನಲ್ಲಿ ಒಂದೇ ಒಂದು ಊಟ, ಅದೂ 20 ಡಾಲರಿಗಿಂತ ಅಗ್ಗದ್ದು, ಪಡೆದ ವೈದ್ಯರು ಕೂಡಾ ಆ ಕಂಪೆನಿಯ ದುಬಾರಿ ಬ್ರ್ಯಾಂಡನ್ನು ಉಳಿದವರಿಗಿಂತ ಹೆಚ್ಚಾಗಿ ಬರೆಯುತ್ತಿದ್ದುದು ಕಂಡುಬಂತು. ಊಟದ ಸಂಖ್ಯೆ ಹೆಚ್ಚಿದಂತೆ ಚೀಟಿಗಳೂ ಹೆಚ್ಚಿದ್ದವು. ಅವರೆಲ್ಲ ಕೆಟ್ಟವರೆಂದಲ್ಲ. ಉಣ್ಣಿಸಿದ ಕೈಯನ್ನು ಮನಸ್ಸು ನೆನೆಯುತ್ತದೆ, ಅಷ್ಟೆ.

ಮದ್ರಸದಲ್ಲಿ ಓದಿದವರಿಗೆ ಇಲ್ಲಿ ಒಂದು ಘಟನೆ ನೆನಪಾಗದಿರದು. ಪ್ರವಾದಿ(ಸ)ರು ಝಕಾತ್ ಸಂಗ್ರಹಕ್ಕಾಗಿ ಇಬ್ನುಲ್ಲುತ್ಬಿಯ್ಯ ಎಂಬವರನ್ನು ಕಳುಹಿಸಿದ್ದರು. ಮರಳಿ ಬಂದ ಅವರು, ಇದು ನಿಮಗೆ ಸೇರಿದ್ದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಎರಡು ಪಾಲು ತೋರಿಸಿದರು. ಈತ ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರವಾದಿ(ಸ)ರು ಮಿಂಬರಿನಿಂದಲೇ ಪ್ರಶ್ನಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿದೆ. ಕೈಯಲ್ಲಿ ಚೀಟಿಯ ಪುಸ್ತಕವಿಲ್ಲದ ವೈದ್ಯರಿಗೆ ಯಾವ ಕಂಪೆನಿ ಫ್ರಿಜ್ ಕೊಟ್ಟೀತು?

ಇಷ್ಟು ಓದಿ ನೀವು ಎಲ್ಲ ವೈದ್ಯರನ್ನೂ ಸಂಶಯದಿಂದ ನೋಡತೊಡಗಿದರೆ ಅದು ಅನ್ಯಾಯ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೂ ಎದ್ದು ಬಂದು, ಬಡವರಿಂದ ಫೀಸು ಬೇಡವೆನ್ನುವ ವೈದ್ಯರು ನಮ್ಮ ಗಲ್ಲಿಗಳಲ್ಲೇ ಇದ್ದಾರೆ. ಸಂಶಯದಿಂದ ಮಾತ್ರೆ ನಿಲ್ಲಿಸುವುದಂತೂ ಇನ್ನೂ ದೊಡ್ಡ ಅಪಾಯ. ರಕ್ತದೊತ್ತಡ, ಸಕ್ಕರೆ, ಫಿಟ್ಸ್ ಇವುಗಳ ಮಾತ್ರೆಯನ್ನು ಒಂದು ದಿನವೂ ನೀವಾಗಿ ಬಿಡಬೇಡಿ, ಬದಲಾಯಿಸಬೇಡಿ.

ಆದರೆ ಕೇಳಿ. ಕೇಳುವುದು ಅಗೌರವವಲ್ಲ. ಈ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಸಾಬ್? ಬೇರೆ ಲ್ಯಾಬಿನಲ್ಲಿ ಮಾಡಿಸಿದರೆ ಆಗದೇ? ಈ ಔಷಧದ ಮೂಲ ಹೆಸರನ್ನೂ ಬರೆದುಕೊಡುವಿರಾ? ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು. ಅಲ್ಲಿ ಸಿಕ್ಕಿದ್ದನ್ನು ವೈದ್ಯರಿಗೆ ತೋರಿಸಿಯೇ ನುಂಗಿ. ಎಲ್ಲರೂ ಮೂಲ ಹೆಸರನ್ನೇ ಬರೆಯಬೇಕೆಂದು 2023ರ ಆಗಸ್ಟ್ 2ರಂದು ಬಂದ ನಿಯಮ ಮೂರೇ ವಾರಗಳಲ್ಲಿ ತಡೆಹಿಡಿಯಲ್ಪಟ್ಟಿತು. ಆದುದರಿಂದ ಬಾಯಿ ಬಿಟ್ಟು ಕೇಳುವುದೇ ನಮಗುಳಿದ ದಾರಿ. ದೊಡ್ಡ ಸ್ಕ್ಯಾನ್ ಎಂದಾಗ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ದರ ವಿಚಾರಿಸಿ, ಆಮೇಲೆ ಓಲೆ ಬಿಚ್ಚಿ.

ಬೆಲೆ ಇಳಿಸಲು ಸಾಧ್ಯವೇ ಇಲ್ಲ ಎನ್ನುವವರಿಗೆ ಹೃದಯದ ಸ್ಟೆಂಟಿನ ಕಥೆ ಹೇಳಿ. ಔಷಧ ಲೇಪಿತ ಸ್ಟೆಂಟಿಗೆ ರೋಗಿಗಳು ಸರಾಸರಿ 1.21 ಲಕ್ಷ ರೂ. ಕೊಡುತ್ತಿದ್ದರು. 2017ರ ಫೆಬ್ರವರಿಯಲ್ಲಿ ಬೆಲೆ ನಿಯಂತ್ರಣ ಪ್ರಾಧಿಕಾರ ಅದನ್ನು 29,600 ರೂಪಾಯಿಗೆ ಇಳಿಸಿತು. ಹೆಚ್ಚಿನ ಲಾಭ ಹೋಗುತ್ತಿದ್ದುದು ತಯಾರಿಸಿದವನಿಗಲ್ಲ, ಆಸ್ಪತ್ರೆಗೆ ಎಂದು ಅದೇ ಪ್ರಾಧಿಕಾರ ಹೇಳಿತು.

ಕರ್ನಾಟಕದ ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳೆಲ್ಲ ತಮ್ಮ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬುದು ಕಾನೂನು. ಅದನ್ನು 2017ರ ನವೆಂಬರ್‌ನಲ್ಲಿ, ವೈದ್ಯರ ದೊಡ್ಡ ಮುಷ್ಕರದ ಬೆನ್ನಲ್ಲೇ, ತಿದ್ದುಪಡಿ ಮಾಡಿ ಬಲಪಡಿಸಲಾಯಿತು. ತೆರಿಗೆ ಶೋಧ ನಡೆದದ್ದೂ ಅದೇ ತಿಂಗಳಲ್ಲಿ. ದರಪಟ್ಟಿ ಕಾಣದಿದ್ದರೆ ಕೇಳಿ. ಆಸ್ಪತ್ರೆ ಅಥವಾ ಲ್ಯಾಬಿನ ಮೇಲಿನ ದೂರು ಜಿಲ್ಲಾಧಿಕಾರಿಗಳ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗುತ್ತದೆ. ವೈದ್ಯರ ನಡತೆಯ ಮೇಲಿನ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ಹೋಗುವಾಗ ಆ ಪ್ಲಾಸ್ಟಿಕ್ ಕವರ್ ಜೊತೆಗಿರಲಿ. ಲ್ಯಾಬಿನ ಮೊಹರು ಇರುವ ಚೀಟಿ, ಕೊಟ್ಟ ಹಣದ ರಸೀದಿ, ರಿಪೋರ್ಟ್, ಮೂರರ ಜೆರಾಕ್ಸ್ ಪ್ರತಿಯೂ ಬೇಕಾಗುತ್ತದೆ. ರಸೀದಿ ಕೊಡದ ಲ್ಯಾಬಿನಲ್ಲಿ ಹಣ ಕಟ್ಟುವ ಮೊದಲೇ ಅದನ್ನು ಕೇಳಿ ಪಡೆಯಿರಿ.