ಹೆಬ್ಬೆರಳು ಅದುರಿದ ಜಾಗದಿಂದ 5 ಸೆಂ.ಮೀ. ಮುಂದೆ

ಬೆಂಗಳೂರಿನ ರಾಜಗೋಪಾಲನಗರದ ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ ವಿಜ್ಞಾನಿ ಫ್ಯಾರಡೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಅಲ್ಲಿನ ಕೆಲಸವೆಲ್ಲ ನಡೆಯುವುದು 1831ರಲ್ಲಿ ಅವನು ಕಂಡುಕೊಂಡ ನಿಯಮದ ಮೇಲೆಯೇ. ಸುಟ್ಟ ಮೋಟರಿನ ಕರಿಹಿಡಿದ ತಂತಿ ಕಿತ್ತು, ಸ್ಲಾಟಿಗೆ ಪೇಪರ್ ಕೂರಿಸಿ, ಸುತ್ತು ಎಣಿಸುತ್ತ ಹೊಸ ತಾಮ್ರ ಸುತ್ತಿ, ಕೊನೆಗೆ ವಾರ್ನಿಷ್ ಹೊಯ್ಯುತ್ತಾರೆ. ಸುರುಳಿಯಲ್ಲಿ ಕರೆಂಟು ಏರಿಳಿದರೆ ಸುತ್ತಲಿನ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಆ ಏರಿಳಿತ ಹತ್ತಿರದ ಇನ್ನೊಂದು ವಾಹಕದಲ್ಲಿ ಕರೆಂಟು ಹುಟ್ಟಿಸುತ್ತದೆ. ಆ ವಾಹಕ ತಾಮ್ರವೇ ಆಗಬೇಕೆಂದಿಲ್ಲ, ಮಿದುಳೂ ಆದೀತು.

1896ರಲ್ಲೇ ಪ್ಯಾರಿಸಿನ ದಾರ್ಸನ್ವಾಲ್ ದೊಡ್ಡ ಸುರುಳಿಯೊಳಗೆ ತಲೆಯಿಟ್ಟರೆ ಕಣ್ಣಮುಂದೆ ಬೆಳಕು ಮಿನುಗುತ್ತದೆಂದು ವರದಿ ಮಾಡಿದ್ದ. ಅದರಿಂದ ಮುಂದೆ ಹೆಚ್ಚೇನೂ ಆಗಲಿಲ್ಲ. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ತಲೆಯ ಮೇಲಿಂದ ನೇರವಾಗಿ ವಿದ್ಯುತ್ ಕೊಟ್ಟು ಕೈ ಅದುರಿಸಿದರು, ಆದರೆ ಅದು ವಿಪರೀತ ನೋವಿನ ವಿಧಾನ. 1985ರಲ್ಲಿ ಶೆಫೀಲ್ಡ್‌ನ ಆಂಥೊನಿ ಬಾರ್ಕರ್ ಮತ್ತು ಜೊತೆಗಾರರು ನೆತ್ತಿಯ ಮೇಲೆ ಸುರುಳಿ ಹಿಡಿದು ಕ್ಷಣಮಾತ್ರದ ಭಾರೀ ಕರೆಂಟು ಹರಿಸಿದರು. ಟಪ್ ಎಂದು ಸದ್ದಾಯಿತು, ಆಚೆ ಬದಿಯ ಕೈ ಅದುರಿತು. ಹೇಳಿಕೊಳ್ಳುವಂಥ ನೋವಿಲ್ಲ.

ಅವರಿಗೆ ಬೇಕಿದ್ದದ್ದು ಮಿದುಳಿಂದ ಕೈಕಾಲಿಗಿಳಿಯುವ ನರದ ದಾರಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆ. ಖಿನ್ನತೆಯ ಮಾತೇ ಇರಲಿಲ್ಲ. ಹತ್ತು ವರ್ಷ ಕಳೆದ ಮೇಲೆ, 1995ರಲ್ಲಿ, ಅಮೆರಿಕದ ಮಾರ್ಕ್ ಜಾರ್ಜ್ ಔಷಧಕ್ಕೆ ಬಗ್ಗದ ಖಿನ್ನತೆಯ 6 ಮಂದಿಯ ಎಡ ಹಣೆಯ ಹಿಂದಿನ ಮಿದುಳಿಗೆ ದಿನವೂ ಈ ಕಾಂತದ ಮಿಡಿತ ಕೊಡಿಸಿದರು; ಇಬ್ಬರು ಎದ್ದುಕಾಣುವಂತೆ ಚೇತರಿಸಿಕೊಂಡರು. ಜಾಗ ಹುಡುಕುವ ಅಂದಿನ ಕ್ರಮ ನನಗೆ ಬಲು ಇಷ್ಟ: ಸುರುಳಿಯನ್ನು ಅತ್ತಿತ್ತ ಸರಿಸುತ್ತ ಹೆಬ್ಬೆರಳು ಅದುರುವ ಬಿಂದು ಹಿಡಿಯುವುದು, ಅಲ್ಲಿಂದ 5 ಸೆಂ.ಮೀ. ಮುಂದಕ್ಕೆ ಅಳೆಯುವುದು. ಅಷ್ಟೇ! ತಲೆ ಸಣ್ಣದಿರಲಿ ದೊಡ್ಡದಿರಲಿ, ಅದೇ 5. ಖಿನ್ನತೆಗೆ ಈ ಯಂತ್ರ ಬಳಸಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು.

ಖಿನ್ನತೆಯ ಈ ಚಿಕಿತ್ಸೆ ಪಾರ್ಕಿನ್ಸನ್ ರೋಗಿಗಳಿಗೆ ಯಾಕೆ ಬೇಕು? ಕೈ ನಡುಗಿದರೆ ಯಾರಿಗಾದರೂ ಬೇಸರವಾಗದೆ ಇರುತ್ತದೆಯೇ, ಇದೇನು ಹೊಸದು ಎಂದು ಮನೆಯವರು ಅನ್ನುವುದುಂಟು. ಆದರೆ ಎಷ್ಟೋ ಜನರಲ್ಲಿ ಖಿನ್ನತೆ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಕಾಣಿಸಿಕೊಳ್ಳುತ್ತದೆ. ಡೋಪಮೈನ್ ತಯಾರಿಸುವ ಕೋಶಗಳು ಸಾಯುವ ಈ ರೋಗ ಮನಸ್ಸಿನ ರಾಸಾಯನಿಕಗಳನ್ನೂ ಕೆಡಿಸುತ್ತದೆ. ಮೇಲಾಗಿ ಮುಖದ ಸ್ನಾಯು ಬಿಗಿದು ಭಾವವೇ ಕಾಣದಂತಾಗುವುದರಿಂದ, ಒಳಗಿನ ದುಃಖ ಸುಲಭವಾಗಿ ಪತ್ತೆಯಾಗುವುದಿಲ್ಲ. ಈಗಾಗಲೇ ಗುಳಿಗೆಯ ರಾಶಿ ನುಂಗುವವರಿಗೆ ಇನ್ನೊಂದು ಗುಳಿಗೆ ಸೇರಿಸದ ಚಿಕಿತ್ಸೆ ಸಿಕ್ಕರೆ ಒಳ್ಳೆಯದೇ.

2004ರಲ್ಲಿ ಬ್ರೆಜಿಲ್‌ನ ಫೆಲಿಪೆ ಫ್ರೆಗ್ನಿ ತಂಡ ಖಿನ್ನತೆಯಿದ್ದ 42 ಪಾರ್ಕಿನ್ಸನ್ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ನಿಜವಾದ ಮಿಡಿತ, ಹುಸಿ ಗುಳಿಗೆ. ಇನ್ನೊಂದಕ್ಕೆ ಹುಸಿ ಮಿಡಿತ, ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಗುಳಿಗೆ. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಸುಧಾರಿಸಿದವು. ಸಂತೋಷದ ಸುದ್ದಿಯೇ, ಆದರೆ ಎರಡೂ ಹುಸಿಯಾಗಿದ್ದ ಮೂರನೇ ಗುಂಪು ಇರಲಿಲ್ಲವಲ್ಲ ಎಂಬ ಕೊರಗು ಉಳಿಯಿತು. ಆ ಕೊರಗಿಗೆ ಅರ್ಥವಿದ್ದದ್ದು 2016ರಲ್ಲಿ ಗೊತ್ತಾಯಿತು. 61 ರೋಗಿಗಳ ಪ್ರಯೋಗದಲ್ಲಿ ಹೆಬ್ಬೆರಳಿನ ಜಾಗವಿರುವ, ಮಿದುಳಿನ ಚಲನೆಯ ಪಟ್ಟಿಗೆ ಮಿಡಿತ ಕೊಟ್ಟಾಗ ಚಲನೆಯ ತೊಂದರೆ ತಗ್ಗಿತು. ಮುಂಭಾಗಕ್ಕೆ ಕೊಟ್ಟಾಗ ಮನಸ್ಸಿನಲ್ಲಾದ ಸುಧಾರಣೆ ಮಾತ್ರ ಹುಸಿ ಚಿಕಿತ್ಸೆಗಿಂತ ಹೆಚ್ಚಾಗಿರಲಿಲ್ಲ. ಎರಡೂ ಕಡೆ ಸೇರಿಸಿ ಕೊಟ್ಟರೂ ಹೆಚ್ಚಿನ ಲಾಭ ಸಿಗಲಿಲ್ಲ. ಹಾಗಾಗಿ ಈ ವಿದ್ಯೆ ಖಿನ್ನತೆಗೆ ಕೆಲಸ ಮಾಡುತ್ತದೆ ಎಂಬುದನ್ನು ಪಾರ್ಕಿನ್ಸನ್‌ನವರ ಖಿನ್ನತೆಗೂ ಹಾಗೆಯೇ ಅನ್ವಯಿಸಿಬಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ.

ನಮ್ಮ ಊರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಈ ಯಂತ್ರ ಸಂಶೋಧನೆಗೂ ಚಿಕಿತ್ಸೆಗೂ ಬಳಕೆಯಲ್ಲಿದೆ. ಸುರುಳಿ ತಲೆಗೆ ತಾಗುವ ಮೊದಲು ಕೆಲವು ಪ್ರಶ್ನೆಗಳಿರುತ್ತವೆ: ಎಂದಾದರೂ ಫಿಟ್ಸ್ ಬಂದಿತ್ತೆ? ತಲೆಯೊಳಗೆ ಕ್ಲಿಪ್ಪೋ ಲೋಹದ ಚೂರೋ ಇದೆಯೇ? ಪೇಸ್‌ಮೇಕರ್, ಅಥವಾ ನಡುಕಕ್ಕೆಂದು ಮಿದುಳಿನೊಳಗೆ ತಂತಿ ಹಾಕಿಸಿಕೊಂಡಿದ್ದೀರಾ? ಕೊನೆಯದನ್ನು ಪಾರ್ಕಿನ್ಸನ್ ರೋಗಿಯ ಮನೆಯವರು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು.