ಮೋಟರ್‌ಹೋಮ್: ಜನ ಹೇಳುವುದು, ತೂಕದ ಚೀಟಿ ಹೇಳುವುದು

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು ಹೊಸೂರಿನಲ್ಲಿ ಮನೆ ಮಾಡಿಕೊಂಡಿರುವ ಕುಟುಂಬಗಳಲ್ಲಿ ಈಚೆಗೆ ಒಂದು ಆಸೆ ಮೊಳೆತಿದೆ. ‘ರಜೆ ಬಂದಾಗಲೆಲ್ಲ ಹೋಟೆಲ್ ಹುಡುಕುವ ಗೋಜೇ ಬೇಡ, ಒಂದು ಮೋಟರ್‌ಹೋಮ್ ತಗೊಂಡುಬಿಡೋಣ.’ ಆಸೆ ಒಳ್ಳೆಯದೇ. ವಯಸ್ಸಾದ ಅಪ್ಪ ಅಮ್ಮ, ಸಣ್ಣ ಮಕ್ಕಳು ಇರುವ ಮನೆಗೆ ಶೌಚಾಲಯ, ಅಡುಗೆ ಕಟ್ಟೆ, ಹಾಸಿಗೆ ಮೂರೂ ಜೊತೆಯಲ್ಲೇ ಬರುವುದು ಸಣ್ಣ ಸಂಗತಿಯಲ್ಲ. ಆದರೆ ಕೊಳ್ಳುವವರಲ್ಲಿ ಬಹುಪಾಲು ಜನ ಒಳಗಿನ ಸೋಫಾ, ದೀಪ, ಮರದ ಕೆಲಸ ನೋಡಿ ಮುಂಗಡ ಕೊಡುತ್ತಾರೆ. ನಾನು ಹೇಳುವುದು ಇಷ್ಟೇ: ಮೊದಲು ಆರ್‌ಸಿ ನೋಡಿ, ಆಮೇಲೆ ತೂಕ ನೋಡಿ, ಸೋಫಾವನ್ನು ಕಡೆಗೆ ನೋಡಿ.

ಮಧ್ಯಮ ಗಾತ್ರದ ಮೋಟರ್‌ಹೋಮ್ ಎಂದರೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಫೋರ್ಸ್ ಟ್ರಾವೆಲರ್, ಅರ್ಬೇನಿಯಾ, ಟಾಟಾ ವಿಂಗರ್‌ನಂಥ ವ್ಯಾನುಗಳ ಮೇಲೆ ಕಟ್ಟಿದ್ದು. ಬೊಲೆರೊ ಕ್ಯಾಂಪರ್‌ನಂಥ ಪಿಕಪ್ ಮೇಲೆ ಕೂರಿಸಿದ್ದು ಇದಕ್ಕಿಂತ ಚಿಕ್ಕದು, ಬಸ್ ಚಾಸಿಸ್ ಮೇಲಿನದು ದೊಡ್ಡದು. ನಾಲ್ಕೈದು ಜನರ ಮನೆಗೆ ಈ ನಡುವಿನದೇ ತಕ್ಕದ್ದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಅದರ ಸುತ್ತ ಹಬ್ಬಿರುವ ಮಾತುಗಳನ್ನು ಒಂದೊಂದಾಗಿ ಬಿಡಿಸಬೇಕಾಗಿದೆ.

‘ದೊಡ್ಡದಾದಷ್ಟೂ ಆರಾಮ’

ರಾಜಾಜಿ 1878ರ ಡಿಸೆಂಬರ್ 10ರಂದು ಹುಟ್ಟಿದ ತೊರಪಲ್ಲಿ ಅಗ್ರಹಾರ ಹೊಸೂರಿನ ಪಕ್ಕದಲ್ಲೇ, ದಕ್ಷಿಣ ಪಿನಾಕಿನಿಯ ದಡದಲ್ಲಿದೆ. ಅವರ ಮನೆ ಈಗ ಸ್ಮಾರಕ. ಅದನ್ನು ನೋಡಬೇಕಾದರೆ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ನೋಡಬೇಕಾದ ಜಾಗಗಳೆಲ್ಲ ಹೀಗೇ ಇವೆ. ಗುಡಿಯ ಬೀದಿ, ಕೆರೆಯ ಏರಿ, ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಇಳಿಯುವ ಕಾಡಿನ ತಿರುವು, ಎಲ್ಲವೂ ಸಣ್ಣ ವಾಹನಕ್ಕೆ ಒಲಿಯುವಂಥವು. ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್ ಕೊಂಡವರು ಹೆದ್ದಾರಿಯ ಡಾಬಾದಿಂದ ಹೆದ್ದಾರಿಯ ಡಾಬಾಕ್ಕೆ ಪ್ರಯಾಣ ಮಾಡುತ್ತಾರೆ. ಎತ್ತರವನ್ನೂ ಮರೆಯಬೇಡಿ. ವ್ಯಾನಿನ ಛಾವಣಿಯ ಮೇಲೆ ಏಸಿ, ಸೋಲಾರ್ ಸೇರಿದರೆ ಮೂರು ಮೀಟರ್ ಆಸುಪಾಸಿಗೆ ಹೋಗುತ್ತದೆ. ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಚಾಲಕನ ಕಣ್ಣೆದುರು ಅಂಟಿಸಿಡಬೇಕು. ರೈಲ್ವೆ ಕೆಳಸೇತುವೆಯ ಮುಂದೆ ನಿಂತು ಅಂದಾಜು ಮಾಡುವ ವಿಷಯವಲ್ಲ ಅದು.

ಉದ್ದಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ: ಖಾಲಿ ತೂಕ, ಮತ್ತು ಹೊರೆಯೆಲ್ಲ ಸೇರಿ ಮೀರಬಾರದ ಒಟ್ಟು ತೂಕ. ಎರಡರ ನಡುವಿನ ಅಂತರವೇ ನಿಮ್ಮ ಕುಟುಂಬಕ್ಕೆ ಉಳಿದ ಪಾಲು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಒಟ್ಟು ತೂಕದ ಮಿತಿ 4,600 ಕೆ.ಜಿ. ಕಪಾಟು, ಹಾಸಿಗೆ, ಬ್ಯಾಟರಿ, ಟ್ಯಾಂಕು ಎಲ್ಲ ಕೂರಿಸಿದ ಮೇಲೆ ವಾಹನ 3,950 ತೂಗುತ್ತದೆ. ಉಳಿದದ್ದು 650. ಐದು ಜನ ತಲಾ 65ರಂತೆ 325. 120 ಲೀಟರ್ ನೀರು ಎಂದರೆ 120 ಕೆ.ಜಿ. ಬಟ್ಟೆ ಹೊದಿಕೆ ತಲೆಗೆ 15ರಂತೆ 75. ಒಲೆ, ಪಾತ್ರೆ, ದಿನಸಿಗೆ 50. ಅಲ್ಲಿಗೆ 570 ಆಯಿತು. ಇನ್ನೊಂದು ಬ್ಯಾಟರಿ, ಪಕ್ಕಕ್ಕೆ ಬಿಚ್ಚುವ ಚಪ್ಪರ, ಮಕ್ಕಳ ಎರಡು ಸೈಕಲ್ ಸೇರಿದರೆ ಮುಗಿಯಿತು. ಭಾರಿ ಪ್ಲೈವುಡ್, ಗ್ರಾನೈಟ್ ಕಟ್ಟೆ ಹಾಕಿಸಿಕೊಂಡವರಿಗೆ ಆ 650 ಕೂಡ ಸಿಗುವುದಿಲ್ಲ. ಎಷ್ಟೋ ವಾಹನಗಳು ಜನ ಹತ್ತುವ ಮೊದಲೇ ಮಿತಿಯ ಹತ್ತಿರ ಬಂದಿರುತ್ತವೆ.

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಲಾರಿಗಳಿಗಾಗಿ ವೇಬ್ರಿಡ್ಜ್‌ಗಳಿವೆ. ಡೀಸೆಲ್ಲು, ನೀರು ತುಂಬಿಸಿ ಅಲ್ಲಿಗೆ ಒಯ್ದು ತೂಗಿಸಿ. ಮುಂದಿನ ಗಾಲಿಗಳನ್ನೊಮ್ಮೆ, ಹಿಂದಿನ ಗಾಲಿಗಳನ್ನೊಮ್ಮೆ ಬೇರೆಬೇರೆಯಾಗಿಯೂ ತೂಗಿಸಿ. ನೀರಿನ ಟ್ಯಾಂಕು, ಶೌಚಾಲಯ, ಬ್ಯಾಟರಿ ಎಲ್ಲ ಹಿಂದೆಯೇ ಕೂತಿದ್ದರೆ ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುತ್ತದೆ. ಅದು ಗೊತ್ತಾಗುವುದು ಊರಿನ ರಸ್ತೆಯಲ್ಲಲ್ಲ. ಹೊಸೂರಿನ ಎತ್ತರದಿಂದ ಶೂಳಗಿರಿ ದಾಟಿ ಕೃಷ್ಣಗಿರಿಗೆ ಇಳಿದು, ಧರ್ಮಪುರಿಯ ಆಚೆ ತೊಪ್ಪೂರು ಘಾಟಿ ಬಂದಾಗ ಬ್ರೇಕು ಕಾಯುತ್ತದೆ. ಅಪಘಾತಗಳಿಗೆ ಕುಖ್ಯಾತವಾದ ಇಳಿಜಾರು ಅದು. ಮಾರುವವರು ತೂಗಿಸಲು ಒಪ್ಪದಿದ್ದರೆ ಆ ವಾಹನ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

‘ಇದಕ್ಕೆ ಹೆವಿ ಲೈಸೆನ್ಸ್ ಬೇಕು’

ಬೇಡ. ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನ ಕಾನೂನಿನ ಕಣ್ಣಿಗೆ ಲಘು ವಾಹನ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕು. ಆ ತೂಕದೊಳಗಿನ ಸಾರಿಗೆ ವಾಹನವನ್ನೂ ಅದೇ ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಲೈಸೆನ್ಸ್ ಸಾಕು ಎಂದರೆ ಅಭ್ಯಾಸವೂ ಸಾಕು ಎಂದಲ್ಲ. ಖಾಲಿ ಮೈದಾನದಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿತೇ ರಸ್ತೆಗೆ ಬನ್ನಿ.

‘ಹಳೇ ಟಿಟಿ ತಂದು ಗ್ಯಾರೇಜಿನಲ್ಲಿ ಹಾಸಿಗೆ ಕೂರಿಸಿದರೆ ಅರ್ಧ ದುಡ್ಡಿಗೆ ಆಗುತ್ತೆ’

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು ಮಂಚ ಹಾಕಿದರೆ ನಿಮ್ಮ ಕಣ್ಣಿಗೆ ಅದು ಮೋಟರ್‌ಹೋಮ್, ಆರ್‌ಟಿಒ ದಾಖಲೆಯಲ್ಲಿ ಮಾತ್ರ ಇನ್ನೂ ಅಷ್ಟು ಸೀಟಿನ ಪ್ರಯಾಣಿಕ ವಾಹನ. ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ದಾಖಲೆಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಇದ್ದಾಗ ಪೊಲೀಸರ ದಂಡ ಸಣ್ಣ ಮಾತು. ಅಪಘಾತವಾದ ದಿನ ವಿಮಾ ಕಂಪನಿ ಕೈಚೆಲ್ಲಿದರೆ ಗತಿಯೇನು? ಗಾಯಗೊಂಡವರ ಪರಿಹಾರದ ಹೊರೆ ನಿಮ್ಮ ಮನೆಯ ಮೇಲೇ ಬೀಳಬಹುದು.

ನಮ್ಮಲ್ಲಿ ಮೋಟರ್‌ಹೋಮ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆ ವ್ಯವಸ್ಥೆ, ಸಾಮಾನು ಇಡುವ ಜಾಗ ಇವಿಷ್ಟೂ ಇರಬೇಕು ಮತ್ತು ಭದ್ರವಾಗಿ ಬಿಗಿದಿರಬೇಕು. ಇದರ ಪ್ರಕಾರ ಕಟ್ಟಿ, ಎಆರ್‌ಎಐ ಅಥವಾ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಪಡೆದ ಮಾದರಿಯನ್ನೇ ಕೊಳ್ಳಿ. ಕರೂರು, ನಾಮಕ್ಕಲ್ ಕಡೆ ಬಾಡಿ ಕಟ್ಟುವ ಕೈಗಳು ನುರಿತವು ನಿಜ. ನುರಿತ ಕೈ ಬೇರೆ, ಪ್ರಮಾಣಪತ್ರ ಬೇರೆ. ‘ಪತ್ರ ಆಮೇಲೆ ಮಾಡಿಸಿಕೊಡ್ತೀವಿ’ ಎಂದವರಿಗೆ ‘ದುಡ್ಡೂ ಆಮೇಲೆ’ ಎನ್ನಿ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು, ಕ್ಯಾರವಾನ್ ಎಂದರೆ ಹಳದಿ ಬೋರ್ಡೇ ಆಗಬೇಕು ಎನ್ನುವುದು. ಕೇಂದ್ರದ 2004ರ ನವೆಂಬರ್ ಅಧಿಸೂಚನೆ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿಟ್ಟಿದೆ. ಆದ್ದರಿಂದ ಮನೆಮಂದಿಗೆಂದು ಕೊಂಡದ್ದಕ್ಕೆ ಬಿಳಿ ಬೋರ್ಡ್ ಸಿಗುತ್ತದೆ. ಆದರೆ ಬಿಳಿ ಬೋರ್ಡಿನಲ್ಲಿ ‘ವಾರಾಂತ್ಯಕ್ಕೆ ಬಾಡಿಗೆಗೆ ಬಿಟ್ಟರೆ ಕಂತು ತೀರುತ್ತೆ’ ಎಂಬ ಲೆಕ್ಕ ನಡೆಯುವುದಿಲ್ಲ. ಬಾಡಿಗೆಗೆ ಬಿಡುವುದಾದರೆ ಪರ್ಮಿಟ್, ಎಫ್‌ಸಿ, ತೆರಿಗೆ ಎಲ್ಲವೂ ಬೇರೆ.

‘ಪಾಂಡಿಚೇರಿಯಲ್ಲಿ ನೋಂದಾಯಿಸಿದರೆ ತೆರಿಗೆ ಉಳಿಯುತ್ತೆ’

ಗಡಿಯಲ್ಲಿ ಬದುಕುವ ನಮಗೆ ಈ ಆಮಿಷ ಹೆಚ್ಚು. ಹೊಸೂರಿನ ಟಿಎನ್ 70, ಎಲೆಕ್ಟ್ರಾನಿಕ್ ಸಿಟಿಯ ಕೆಎ 51, ಇವೆರಡರ ನಡುವೆ ಪಿವೈ ಫಲಕದ ವಾಹನಗಳೂ ಓಡಾಡುತ್ತವೆ. ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಲೇಬೇಕು. ಹೊರ ರಾಜ್ಯದ ವಾಹನ 30 ದಿನ ದಾಟಿದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದು ಮಾಡಿತು. ಹಾಗಾಗಿ ಅತ್ತಿಬೆಲೆ ದಾಟಿ ಹೋಗಿಬರುವವರು ಹೆದರಬೇಕಿಲ್ಲ. ಆದರೆ ವಾಸವಿಲ್ಲದ ಊರಿನ ವಿಳಾಸ ಕೊಟ್ಟು ನೋಂದಾಯಿಸುವುದು ಸುಳ್ಳು ಹೇಳಿಕೆ. ವಾಹನ ರಾತ್ರಿ ಯಾವ ಊರಿನಲ್ಲಿ ನಿಲ್ಲುತ್ತದೋ ಆ ಊರಿನಲ್ಲೇ ನೋಂದಾಯಿಸಿ.

‘ಮೇಲೆ ಸೋಲಾರ್ ಇದೆಯಲ್ಲ, ರಾತ್ರಿಯಿಡೀ ಏಸಿ ಓಡುತ್ತೆ’

ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಕೊಡುವ 12.8 ವೋಲ್ಟಿನ 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಹಿಡಿಯುವುದು ಸುಮಾರು ಎರಡೂವರೆ ಯೂನಿಟ್ ಕರೆಂಟು. ಸಣ್ಣ ಇನ್ವರ್ಟರ್ ಏಸಿ ನಿಂತು ನಿಂತು ಓಡಿದರೂ ಗಂಟೆಗೆ ಅರ್ಧ ಯೂನಿಟ್ ಮೇಲೆ ಕೇಳುತ್ತದೆ. ಎಂಟು ಗಂಟೆಗೆ ನಾಲ್ಕರಿಂದ ಐದು ಯೂನಿಟ್. ಛಾವಣಿಯ 400 ವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ ಕೊಡುವುದು ಒಂದೂವರೆ ಯೂನಿಟ್ ಆಸುಪಾಸು. ನೆರಳಿಗೆಂದು ಹುಣಸೆ ಮರದಡಿ ನಿಲ್ಲಿಸಿದಿರೋ, ಅದೂ ಇಲ್ಲ. ಅಂದರೆ ಏಸಿ ಬೇಕೆಂದವರಿಗೆ ಇದರ ಎರಡು ಪಟ್ಟಾದರೂ ಬ್ಯಾಟರಿ ಬೇಕು, ಇಲ್ಲವೇ ನಿಲ್ಲಿಸುವ ಕಡೆ 16 ಆಂಪಿಯರ್ ಪ್ಲಗ್ ಬೇಕು. ಫ್ಯಾನು, ದೀಪ, ಮೊಬೈಲ್ ಚಾರ್ಜರ್, ಸಣ್ಣ 12 ವೋಲ್ಟ್ ಫ್ರಿಜ್ ಇವುಗಳಿಗೆ ಸೋಲಾರ್ ಧಾರಾಳವಾಗಿ ಸಾಕು. ಹೊಸೂರು, ತಳಿ ಕಡೆಯ ರಾತ್ರಿಗಳಿಗೆ ಛಾವಣಿಯ ಗಾಳಿ ಫ್ಯಾನು, ಸೊಳ್ಳೆ ಪರದೆಯ ಕಿಟಕಿ ಇದ್ದರೆ ಏಸಿಯ ನೆನಪೇ ಬರುವುದಿಲ್ಲ. ಮಾವಿನ ಕಾಲದ ಕೃಷ್ಣಗಿರಿಯ ಸೆಕೆ ಬೇರೆ. ಅಲ್ಲಿ ಪ್ಲಗ್ ಇರುವ ಜಾಗ ನೋಡಿಯೇ ತಂಗಿ.

ಆಗ ಅಂಗಡಿಯವರು ಹೇಳುವ ಪರಿಹಾರ ಜನರೇಟರ್. ಇದನ್ನು ಓದುವವರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಬೇಕು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಬಳಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಎಚ್ಚರಗೊಳ್ಳುವುದಿಲ್ಲ. ವಾಹನದೊಳಗೆ ಅಥವಾ ಅದರ ಹೊಟ್ಟೆಗೆ ಅಂಟಿಸಿದ ಜನರೇಟರನ್ನು ಜನ ಮಲಗಿರುವಾಗ ಓಡಿಸಲೇಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್ ಈ ಮೂರೂ ಇಲ್ಲದ ವಾಹನವನ್ನು, ಒಳಾಂಗಣ ಎಷ್ಟೇ ಚೆಂದವಿರಲಿ, ಮಲಗಲು ಯೋಗ್ಯವೆಂದು ನಾನು ಒಪ್ಪುವುದಿಲ್ಲ. ಗ್ಯಾಸಿನ ಒಲೆಯಿದ್ದರೆ ಸಿಲಿಂಡರಿಗೆ ಪ್ರತ್ಯೇಕ ಗೂಡು, ಆ ಗೂಡಿನ ತಳದಲ್ಲಿ ಹೊರಗೆ ತೆರೆಯುವ ರಂಧ್ರ ಇರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

‘ಗಾಡಿ ಓಡುವಾಗ ಅಜ್ಜಿ ಹಿಂದೆ ಮಲಗಬಹುದು’

ಇಲ್ಲ. ಮಂಚವಿರುವುದು ನಿಂತಾಗ ಮಲಗಲು. ಬೆಲ್ಟ್ ಇರುವ ಸೀಟು ಎಷ್ಟೋ ಅಷ್ಟೇ ಜನ ಪ್ರಯಾಣಿಸಬೇಕು. ಐದು ಮಂಚ, ಮೂರು ಬೆಲ್ಟ್ ಸೀಟು ಇದ್ದರೆ ಅದು ಮೂವರ ಮೋಟರ್‌ಹೋಮ್. ತೋರಿಸುವವರು ಮಂಚ ಎಣಿಸಿದರೆ, ನೀವು ಬೆಲ್ಟ್ ಎಣಿಸಿ.

‘ಎಲ್ಲಿ ಬೇಕಾದರೂ ನಿಲ್ಲಿಸಬಹುದು’

ನೋಡುವುದಕ್ಕೆ ಹಾಗೆ ಕಾಣುತ್ತದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆ ತಂದು ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕ್ ಆಗುವಂತೆ ಮಾಡಿತು. ನಮ್ಮ ಭಾಗದಲ್ಲಿ ಅಂಥದ್ದನ್ನು ನಂಬಿಕೊಂಡು ಹೊರಡುವಂತಿಲ್ಲ. ಇಲ್ಲಿ ತೋಟದ ಮಾಲೀಕರನ್ನೋ, ಹೋಮ್‌ಸ್ಟೇಯವರನ್ನೋ, ಕುಟುಂಬಗಳು ಬಂದುಹೋಗುವ ಹೋಟೆಲಿನವರನ್ನೋ ಮೊದಲೇ ಕೇಳಿಕೊಂಡು ಹೋಗಬೇಕು. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು. ಜವಳಗಿರಿ, ಸಾನಮಾವು ಕಾಡುಗಳ ಆನೆಗಳು ರಾಗಿ ತೆನೆ ಕಟ್ಟುವ ಕಾಲಕ್ಕೆ ಹೊಲಕ್ಕೆ ಬರುತ್ತವೆ. ಕಾಡಂಚಿನ ರಸ್ತೆಯಲ್ಲಿ ಒಲೆ ಹೊತ್ತಿಸಿ ಕೂರುವುದು ಸಾಹಸವಲ್ಲ, ಆನೆಗೂ ಹಳ್ಳಿಯವರಿಗೂ ಮಾಡುವ ತೊಂದರೆ.

ಕೊಳೆನೀರಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಹೊಸೂರಿಗೆ ಬರುತ್ತದೆ. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ನೊರೆ ಗುಡ್ಡೆ ಕಟ್ಟುವುದನ್ನು ಈ ಭಾಗದ ಜನ ಮತ್ತೆ ಮತ್ತೆ ಕಂಡಿದ್ದಾರೆ. ಆ ನದಿಯ ದಡಕ್ಕೆ ಹೋಗಿ ಪಾತ್ರೆ ತೊಳೆದ ನೀರು, ಶೌಚದ ಡಬ್ಬಿ ಸುರಿದು ಬರಬಾರದು. ಕೊಳ್ಳುವಾಗಲೇ ಬಳಸಿದ ನೀರಿಗೆ ಮುಚ್ಚಿದ ಟ್ಯಾಂಕ್ ಇದೆಯೇ, ಅದು ಶುದ್ಧ ನೀರಿನ ಟ್ಯಾಂಕಿಗಿಂತ ತೀರಾ ಚಿಕ್ಕದಲ್ಲವೇ ನೋಡಿ. ಎಳೆದು ಒಯ್ಯುವ ಕ್ಯಾಸೆಟ್ ಶೌಚಾಲಯ ನಮ್ಮ ಪರಿಸ್ಥಿತಿಗೆ ಒಗ್ಗುತ್ತದೆ. 15ರಿಂದ 20 ಲೀಟರಿನ ಡಬ್ಬಿ ನಾಲ್ವರಿಗೆ ಎರಡು ದಿನಕ್ಕೆ ತುಂಬುತ್ತದೆ. ಅದನ್ನು ತಂಗಿದ ಕಡೆಯ ಶೌಚಾಲಯಕ್ಕೇ, ಅವರ ಒಪ್ಪಿಗೆ ಕೇಳಿ, ಸುರಿಯಬೇಕು.

‘ಹೋಟೆಲಿಗಿಂತ ಅಗ್ಗ’

ವರ್ಷಕ್ಕೆ ಹತ್ತು ರಾತ್ರಿ ಹೊರಗೆ ತಂಗುವ ಮನೆಗೆ ಖಂಡಿತ ಅಲ್ಲ. ಸಾಲದ ಕಂತು, ವಿಮೆ, ತೆರಿಗೆ, ಓಡದೆಯೇ ಮುಪ್ಪಾಗುವ ಟೈರು, ನಿಲ್ಲಿಸಲು ಜಾಗ ಎಲ್ಲವೂ ಹಣ ಕೇಳುತ್ತವೆ. ಇಂಥವರು ಬಾಡಿಗೆಗೆ ಪಡೆಯುವುದೇ ಲೇಸು. ಕೊಳ್ಳಲೇಬೇಕೆಂದಿರುವವರೂ ಅದೇ ಗಾತ್ರದ್ದನ್ನು ಒಮ್ಮೆ ಬಾಡಿಗೆಗೆ ಪಡೆದು, ಮನೆಯವರೆಲ್ಲ ಒಳಗೆ ಮಲಗಿ, ಅಡುಗೆ ಮಾಡಿ, ಅಮ್ಮನಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ ನೋಡಿಕೊಂಡು ನಿರ್ಧರಿಸಲಿ.

ಹಣವನ್ನು ಮೂರು ಕಂತಾಗಿ ಕೊಡಿ. ಮುಂಗಡ ಕೊಡುವಾಗ ಪ್ರಮಾಣಪತ್ರದ ಪ್ರತಿ ಕೈಗೆ ಬರಲಿ. ಎರಡನೆಯ ಕಂತು ತೂಕದ ಚೀಟಿ ನೋಡಿದ ಮೇಲೆ. ಕೊನೆಯದನ್ನು, ವಾಹನದ ಬಗೆ ಮತ್ತು ಸೀಟಿನ ಸಂಖ್ಯೆ ಸರಿಯಾಗಿ ನಮೂದಾದ ಆರ್‌ಸಿ ಮತ್ತು ಅದಕ್ಕೆ ಹೊಂದುವ ವಿಮೆ ನಿಮ್ಮ ಹೆಸರಿಗೆ ಬಂದ ದಿನ ಕೊಡಿ. ಈ ಷರತ್ತನ್ನು ಕರಾರಿನಲ್ಲೇ ಬರೆಸಿ.