ಮಗುವಿಗೆ ರಾತ್ರಿ ಬೆನ್ನುನೋವೇ?

ಮಕ್ಕಳು ಬೆನ್ನುನೋವು ಅಂದರೆ ಸಾಕು, ಮೊದಲು ನಾವು ಬೈಯುವುದು ಸ್ಕೂಲ್ ಬ್ಯಾಗನ್ನು, ಆಮೇಲೆ ಮೊಬೈಲನ್ನು. ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಹಗಲೆಲ್ಲ ಆಡಿಕೊಂಡಿದ್ದ ಹುಡುಗ ನಡುರಾತ್ರಿ ನೋವೆಂದು ಎದ್ದು ಕೂರುತ್ತಾನೆ, ನೋವಿನ ಮಾತ್ರೆ ಕೊಟ್ಟರೆ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತಾನೆ, ಮರುದಿನ ಮತ್ತೆ ಅದೇ ಕಥೆ. ವಾರಗಟ್ಟಲೆ ಹೀಗೇ ಆದರೆ ಬ್ಯಾಗಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ.

ಇದಕ್ಕೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಅಪರೂಪದ ಗಡ್ಡೆ ಕಾರಣವಿರಬಹುದು. 1935ರಲ್ಲಿ ಅಮೆರಿಕದ ಡಾ. ಹೆನ್ರಿ ಜಾಫೆ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಗಡ್ಡೆ ಅಂದಕೂಡಲೇ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಇದು ಕ್ಯಾನ್ಸರ್ ಅಲ್ಲ, ಬೇರೆಡೆಗೆ ಹರಡುವುದೂ ಇಲ್ಲ. ಹೆಚ್ಚಾಗಿ ಕಾಣಿಸುವುದು 10ರಿಂದ 25 ವರ್ಷದವರಲ್ಲಿ, ಅದರಲ್ಲೂ ಹುಡುಗರಲ್ಲಿ. ಬಹುತೇಕ ಕಾಲಿನ ಮೂಳೆಯಲ್ಲಿ. ಬೆನ್ನುಮೂಳೆಯಲ್ಲಿ ಬರುವುದು ಹತ್ತರಲ್ಲಿ ಒಂದರಷ್ಟು.

ಇದರ ತಿರುಳು ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದು. ತೊಂದರೆ ಇರುವುದೇ ಅಲ್ಲಿ. ಬೆನ್ನುಮೂಳೆಯ ಹಿಂಭಾಗದಲ್ಲಿ ಕೂತ ಈ ಕಾಳಿನಂಥ ಗಡ್ಡೆ, ಎಕ್ಸ್‌ರೇಯಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬಿದ್ದು ಮರೆಯಾಗಿಬಿಡುತ್ತದೆ. ‘ಎಕ್ಸ್‌ರೇ ನಾರ್ಮಲ್’ ಅಂತ ಬಂದಮೇಲೆ ‘ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾಟಕ’ ಅಂದುಬಿಡುತ್ತೇವಲ್ಲ, ಪಾಪ, ಅದು ಮಗುವಿಗೆ ಅನ್ಯಾಯ. ದುಬಾರಿ ಎಂಆರ್‌ಐಯಲ್ಲೂ ಕೆಲವೊಮ್ಮೆ ಸುತ್ತಲಿನ ಊತವೇ ದೊಡ್ಡದಾಗಿ ಕಂಡು, ಸೋಂಕೋ ಕ್ಯಾನ್ಸರೋ ಎಂಬ ಅನುಮಾನ ಹುಟ್ಟುವುದುಂಟು. ತಿರುಳನ್ನು ಸ್ಪಷ್ಟವಾಗಿ ತೋರಿಸುವುದು ತೆಳು ಪದರಗಳ ಸಿ.ಟಿ. ಸ್ಕ್ಯಾನ್. ಅದರಲ್ಲಿ ವಿಕಿರಣ ಹೆಚ್ಚು ಎಂಬ ಭಯ ಸಹಜವೇ. ಅದಕ್ಕೇ ಬೋನ್ ಸ್ಕ್ಯಾನ್ ಅಥವಾ ಎಂಆರ್‌ಐಯಿಂದ ಜಾಗ ಪತ್ತೆಮಾಡಿಕೊಂಡು, ಅಷ್ಟು ಭಾಗಕ್ಕೆ ಮಾತ್ರ ಸಿ.ಟಿ. ಮಾಡಿಸಬಹುದು. ವೈದ್ಯರನ್ನು ಕೇಳಿ, ಸಂಕೋಚ ಬೇಡ.

ಹೋಗುವ ಮುನ್ನ ನೋವು ಎಷ್ಟು ಗಂಟೆಗೆ ಬಂತು, ಯಾವ ಮಾತ್ರೆಗೆ ಇಳಿಯಿತು ಅಂತ ಕ್ಯಾಲೆಂಡರಿನಲ್ಲೇ ಬರೆದಿಡಿ. ವೈದ್ಯರಿಗೆ ಇದೇ ದೊಡ್ಡ ಸುಳಿವು. ಆದರೆ ಮಕ್ಕಳಿಗೆ ನೀವಾಗಿಯೇ ಆಸ್ಪಿರಿನ್ ಕೊಡಬೇಡಿ. ಅಂಗಿ ತೆಗೆಸಿ ಬೆನ್ನನ್ನೂ ಒಮ್ಮೆ ನೋಡಿ: ಭುಜ ಏರುಪೇರಾಗಿ ಬೆನ್ನು ಒಂದು ಕಡೆಗೆ ವಾಲಿದೆಯೇ? ಡೊಂಕಿನ ಜೊತೆ ನೋವೂ ಇದ್ದರೆ ಮೂಳೆ ತಜ್ಞರಿಗೆ ತೋರಿಸಲೇಬೇಕು. ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಪತ್ತೆಯಾದರೆ ಚಿಕಿತ್ಸೆ ಇದೆ. ಸಿ.ಟಿ. ನೋಡುತ್ತಲೇ ಸೂಜಿ ತೂರಿಸಿ, ರೇಡಿಯೋ ತರಂಗದ ಶಾಖದಿಂದ ತಿರುಳನ್ನು ಸುಡುತ್ತಾರೆ. ನರಕ್ಕೆ ತೀರಾ ಹತ್ತಿರವಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ.